ನೆತ್ತಿಯ ಮೇಲಿನ ಹವಾಮಾನ ಇಲಾಖೆ

ಗುಂಗುರು ಕೂದಲನ್ನು ಇಸ್ತ್ರಿ ಹಾಕಿ ನೆಟ್ಟಗೆ ಮಾಡುವುದು ಅಂಥ ದೊಡ್ಡ ವಿದ್ಯೆಯಲ್ಲ. ಕರೆಂಟು ಹೋಗದೆ ಇದ್ದು, ಕೈ ಸೋಲದೆ ಇದ್ದರೆ ಭಾನುವಾರ ಮಧ್ಯಾಹ್ನದೊಳಗೆ ಯಾರು ಬೇಕಾದರೂ ಮುಗಿಸಬಹುದು. ಕಷ್ಟ ಶುರುವಾಗುವುದು ಸೋಮವಾರ. ಮತ್ತೆ ತಲೆಗೆ ನೀರು ಹಾಕಿಕೊಳ್ಳುವ ತನಕ ಆ ಕೂದಲನ್ನು ಹಾಗೇ ಕಾಪಾಡಿಕೊಂಡು ಬರಬೇಕು, ಅದೂ ನಮ್ಮ ಹೊಸೂರಿನಲ್ಲಿ. ಇಲ್ಲಿ ಯಾರಿಗೆ ಯಾರ ಮೇಲೆ ಪ್ರೀತಿ ಬಂದರೂ ಅದು ಒದ್ದೆಯಾಗಿಯೇ ಬರುತ್ತದೆ, ಬಂದು ಸೀದಾ ತಲೆಯ ಮೇಲೇ ಇಳಿಯುತ್ತದೆ.

ನೀರು ಕಂಡರೆ ಯಾಕೆ ಇಷ್ಟು ಭಯ ಅಂತ ಕೇಳುವವರಿಗೆ ಒಂದೆರಡು ಮಾತು. ಕೂದಲೆಂದರೆ ಕೆರಾಟಿನ್ ಎಂಬ ಪ್ರೋಟೀನು. ಅದರ ಎಳೆಗಳು ಒಂದಕ್ಕೊಂದು ಅಂಟಿಕೊಂಡಿರಲು ಮುಖ್ಯವಾಗಿ ಎರಡು ಥರದ ಬಂಧಗಳಿವೆ. ಗಂಧಕದ ಬಂಧ ಭಾರಿ ಗಟ್ಟಿ. ಪಾರ್ಲರಿನವರು ಮೂಗು ಮುಚ್ಚಿಕೊಳ್ಳುವಂಥ ವಾಸನೆಯ ಔಷಧಿ ಹಚ್ಚಿ ಮುರಿಯುವುದು ಅದನ್ನೇ. ನಾನು ಆ ತಂಟೆಗೆ ಹೋಗಿಲ್ಲ. ಇನ್ನೊಂದು ಜಲಜನಕದ ಬಂಧ, ತೀರಾ ಸಡಿಲ ಸ್ವಭಾವದ್ದು. 180 ಡಿಗ್ರಿ ಬಿಸಿಯ ಎರಡು ಪಟ್ಟಿಗಳ ನಡುವೆ ಕೂದಲನ್ನು ಎಳೆದರೆ ಬಿಟ್ಟುಕೊಳ್ಳುತ್ತದೆ, ತಣ್ಣಗಾದಾಗ ನೆಟ್ಟಗಿದ್ದಲ್ಲೇ ಮತ್ತೆ ಕೂಡಿಕೊಳ್ಳುತ್ತದೆ. ಆದರೆ ನೀರು ಸೋಕಿದರೂ ಅದು ಬಿಟ್ಟುಕೊಳ್ಳುತ್ತದೆ. ಬಿಟ್ಟುಕೊಂಡ ಮೇಲೆ ಕೂದಲು ಹೋಗುವುದು ತವರಿಗೇ, ಅಂದರೆ ಗುಂಗುರಿಗೆ.

ಮೊದಲ ಸಲ ನನ್ನ ಕೈಯಲ್ಲಿ ಈ ಮಷಿನ್ ಕಂಡಾಗ ಅತ್ತೆ ಬಾಗಿಲ ಹತ್ತಿರ ನಿಂತು ಕೊನೆವರೆಗೂ ನೋಡಿದರು. ಆಮೇಲೆ, “ಒಂಚೂರು ನೀರು ಚಿಮುಕಿಸಿ ಉಜ್ಜೇ, ಚೆನ್ನಾಗಿ ಕೂರುತ್ತೆ. ಇಸ್ತ್ರಿ ಅಂಗಡೀಲಿ ಹಂಗೇ ಮಾಡೋದು” ಅಂದರು. ಒದ್ದೆ ಕೂದಲಿಗೆ ಕಾದ ಪಟ್ಟಿ ಇಟ್ಟರೆ ಎಳೆಯ ಒಳಗಿನ ನೀರು ಕುದಿದು ಗುಳ್ಳೆ ಏಳುತ್ತದೆ, ಗುಳ್ಳೆ ಎದ್ದ ಕಡೆ ಕೂದಲು ತುಂಡಾಗುತ್ತದೆ, ಚರ್ಮದ ಡಾಕ್ಟರುಗಳು ಇದಕ್ಕೆ ‘ಬಬಲ್ ಹೇರ್’ ಅಂತ ಹೆಸರೇ ಇಟ್ಟಿದ್ದಾರೆ ಎಂದು ವಿವರಿಸಿದೆ. ಅತ್ತೆ ಗಂಭೀರವಾಗಿ ಕೇಳಿಸಿಕೊಂಡು, “ಎಣ್ಣೇಲಿ ಬಿಟ್ಟ ಹಪ್ಪಳದ ಥರ” ಅಂದರು. ಅವರ ಮಟ್ಟಿಗೆ ವಿಜ್ಞಾನ ಅಲ್ಲಿಗೆ ಮುಗಿಯಿತು. ನನಗೂ ಅದಕ್ಕಿಂತ ಚೆನ್ನಾಗಿ ಹೇಳಲು ಬರುತ್ತಿರಲಿಲ್ಲ.

ಊರಿನ ಹವೆ ಬೇರೆ ಹೀಗೆ. ಸಮುದ್ರಮಟ್ಟದಿಂದ ಹೆಚ್ಚುಕಡಿಮೆ 900 ಮೀಟರ್ ಎತ್ತರ. ಮಾರ್ಗಶಿರದ ಬೆಳಗ್ಗೆ ಗಾಡಿಯ ಸೀಟು ಒರೆಸದೆ ಕೂರುವ ಹಾಗಿಲ್ಲ. ಈ ತಂಪನ್ನೇ ನೆಚ್ಚಿಕೊಂಡು ಅಮುದಗೊಂಡಪಳ್ಳಿ ಕಡೆಯೆಲ್ಲ ಪಾಲಿಹೌಸುಗಳಲ್ಲಿ ಗುಲಾಬಿ ಬೆಳೆಯುತ್ತಾರೆ, ಫೆಬ್ರವರಿ 14ಕ್ಕೆ ಮುಂಚೆ ಹೊರದೇಶಗಳಿಗೆ ಕಳಿಸುತ್ತಾರೆ. ಗುಲಾಬಿಗೆ ಹಿತವಾದ ಹವೆ ನನ್ನ ಹಣೆಯ ಮೇಲಿನ ಕೂದಲಿಗೆ ಸೇರುವುದಿಲ್ಲ. ಮಂಜಿನಲ್ಲಿ ಬಸ್ ಸ್ಟ್ಯಾಂಡಿನ ತನಕ ಹೋಗಿ ಬಂದರೆ ಸಾಕು, ಹಿಂದೆ ಹೊಸ ಕೂದಲು, ಮುಂದೆ ಹಳೇ ಕೂದಲು.

ಅದಕ್ಕೂ ಮೊದಲು ಅಡುಗೆಮನೆ ದಾಟಬೇಕು. ರಾಗಿ ಸೀಮೆಯಲ್ಲಿ ಹುಟ್ಟಿದವಳು ಮುದ್ದೆ ತಿರುವದೆ ಇರಲಾದೀತೇ? ಎಸರು ಕುದಿಯುವಾಗ ಪಾತ್ರೆಗೆ ಹಿಟ್ಟು ಸುರಿದು, ಕಾಲಲ್ಲಿ ಒತ್ತಿ ಹಿಡಿದು, ಕೋಲು ಹಾಕಿ ಗಂಟಾಗದಂತೆ ತಿರುವುವಾಗ ಮುಖ ಪಾತ್ರೆಯ ನೇರಕ್ಕೇ ಇರುತ್ತದೆ. ಆ ಹಬೆಗೆ ಮೊದಲು ಕಿವಿಯ ಪಕ್ಕದ ಸಣ್ಣ ಕೂದಲು ಏಳುತ್ತದೆ, ಆಮೇಲೆ ಬೈತಲೆಯ ಎರಡೂ ಕಡೆ. ಮುದ್ದೆ ಉಂಡೆಯಾಗುವ ಹೊತ್ತಿಗೆ ನನ್ನ ತಲೆಯೂ ದುಂಡಗಾಗಿರುತ್ತದೆ. ಈಗ ಮುದ್ದೆಯ ದಿನ ಬಣ್ಣ ಹಚ್ಚುವ ಕಿಟ್ಟಿನ ಜೊತೆ ಬಂದ ಪ್ಲಾಸ್ಟಿಕ್ ಟೋಪಿ ಹಾಕಿಕೊಂಡೇ ಒಲೆ ಮುಂದೆ ಕೂರುತ್ತೇನೆ. ಸ್ನಾನಕ್ಕೂ ಅದೇ ಟೋಪಿ, ಜೊತೆಗೆ ಬಚ್ಚಲ ಕಿಟಕಿ ತೆರೆದಿರಬೇಕು. ಡಿಸೆಂಬರಿನಲ್ಲಿ ಕಿಟಕಿ ತೆರೆದು ಮೈಗೆ ನೀರು ಹಾಕಿಕೊಳ್ಳುವುದು ಎಂಥ ತಪಸ್ಸು ಅಂತ ಗುಂಗುರು ಕೂದಲಿನವರಿಗೆ ಮಾತ್ರ ಗೊತ್ತು.

ಇನ್ನು ಶುಕ್ರವಾರ. ಚಂದ್ರಚೂಡೇಶ್ವರನ ಬೆಟ್ಟ ಹತ್ತಿದರೆ ಬೆವರು, ಅದು ಬಿಡಿ. ತೀರ್ಥ ಕೊಡುತ್ತಾರಲ್ಲ, ಅಲ್ಲಿದೆ ಆಪತ್ತು. ಕುಡಿದ ಮೇಲೆ ಅಂಗೈಯನ್ನು ನೆತ್ತಿಗೆ ಸವರಿಕೊಳ್ಳುವುದು ಹುಟ್ಟಿನಿಂದ ಬಂದ ಅಭ್ಯಾಸ. ನಾನು ಕೈ ಬಿಗಿ ಹಿಡಿದುಕೊಂಡಿದ್ದರೆ ಅತ್ತೆ ತಮ್ಮ ಕೈಯನ್ನು ಅವರ ತಲೆಗೊಮ್ಮೆ ನನ್ನ ತಲೆಗೊಮ್ಮೆ ಸವರುತ್ತಾರೆ. ಇಳಿದು ಬಂದರೆ ಹೂವಿನವರು. ಮಲ್ಲಿಗೆ ಕನಕಾಂಬರ ಬಾಡದ ಹಾಗೆ ಒದ್ದೆ ಗೋಣಿಯ ಮೇಲಿಟ್ಟು ಗಳಿಗೆಗೊಮ್ಮೆ ನೀರು ಚಿಮುಕಿಸುತ್ತಿರುತ್ತಾರೆ. ಮೊಳ ಅಳೆದು ಎಲೆಗೆ ಸುತ್ತಿ ಕೊಡುವಾಗ ಎಲೆಯ ತುದಿಯಿಂದ ಹನಿ ತೊಟ್ಟಿಕ್ಕುತ್ತಿರುತ್ತದೆ. “ಹೂವು ಬೇಡ” ಅನ್ನುವ ಮಾತು ಶುಕ್ರವಾರದ ದಿನ ಮುತ್ತೈದೆಯ ಬಾಯಲ್ಲಿ ಬರುವ ಹಾಗಿಲ್ಲ. ಬಂದರೆ ಬೀದಿಯಲ್ಲಿ ಮೂರು ಭಾಷೆಯಲ್ಲಿ ವಿಚಾರಣೆ ನಡೆಯುತ್ತದೆ. ಎಡಗಡೆ ಮನೆಯವರು ತಮಿಳಿನಲ್ಲಿ “ಎನ್ನ ಆಚ್ಚು” ಅಂತ, ಎದುರುಮನೆ ಅಕ್ಕ ತೆಲುಗಿನಲ್ಲಿ “ಏಮಯಿಂದಿ” ಅಂತ. ಕನ್ನಡದಲ್ಲಿ ವಿಚಾರಿಸಲು ಮನೆಯೊಳಗೇ ಅತ್ತೆ ಇದ್ದಾರೆ. ನಾನು ಹೂವನ್ನು ಫ್ಯಾನಿನ ಕೆಳಗೆ ಆರಿಸಿ ಮುಡಿಯುತ್ತೇನೆ. ದೇವರಿಗೂ ಮನೆಗೂ ಒಪ್ಪಿಗೆಯಾಗಿದೆ, ಹೂವಿಗೆ ಮಾತ್ರ ಮುಖ ಬಾಡುತ್ತದೆ.

ಎಣ್ಣೆಯ ವಿಷಯದಲ್ಲಿ ಇನ್ನೂ ರಾಜಿಯಾಗಿಲ್ಲ. ಹೆಂಗಸರಿಗೆ ಮಂಗಳವಾರ, ಶುಕ್ರವಾರ ಎಣ್ಣೆನೀರು ಅನ್ನುವುದು ಈ ಕಡೆಯ ಶಾಸನ. ಎಣ್ಣೆ ಹಚ್ಚಿ, ಸೀಗೆಪುಡಿ ಹಾಕಿ ಉಜ್ಜಿ, ಸಾಂಬ್ರಾಣಿ ಹೊಗೆ ಹಿಡಿದರೆ ತಲೆನೋವೂ ಇಲ್ಲ, ಕಣ್ಣುರಿಯೂ ಇಲ್ಲ ಅಂತಾರೆ ಅತ್ತೆ. ನಿಜವೇ. ಆದರೆ ಎಣ್ಣೆ ಹಚ್ಚಿದ ಕೂದಲು ಜೋತು ಬೀಳುತ್ತದೆ, ಅದರ ಮೇಲೆ ಮಷಿನ್ ಇಟ್ಟರೆ ಎಣ್ಣೆಯೇ ಕಾದು ಹೊಗೆಯಾಡುತ್ತದೆ. ಹಾಗಾಗಿ ಬುಧವಾರದ ಹೊತ್ತಿಗೆ ನೆತ್ತಿ ಜಿಡ್ಡಾದರೆ ಬೈತಲೆಗೆ ಚಿಟಿಕೆ ಮುಖದ ಪೌಡರು ಉದುರಿಸಿ ಬಾಚುತ್ತೇನೆ. ದುಡ್ಡಿದ್ದವರು ಡ್ರೈ ಶಾಂಪೂ ಅಂತ ಡಬ್ಬಿ ಕೊಳ್ಳುತ್ತಾರೆ, ಮಾಡುವ ಕೆಲಸ ಒಂದೇ, ಜಿಡ್ಡು ಹೀರುವುದು. ಪೌಡರು ಹೆಚ್ಚಾದ ದಿನ ಆಫೀಸಿನಲ್ಲಿ ಎಲ್ಲರೂ ಎದ್ದು ಕುರ್ಚಿ ಕೊಡುತ್ತಾರೆ.

ರಾತ್ರಿಯ ಕೆಲಸ ಬೇರೆ. ಕೂದಲನ್ನು ಒಂದೇ ದಿಕ್ಕಿಗೆ ಬಾಚಿ ತಲೆಯ ಸುತ್ತ ಚಪ್ಪಟೆಯಾಗಿ ಸುತ್ತಿ, ಮೇಲೆ ರೇಷ್ಮೆ ಬಟ್ಟೆ ಕಟ್ಟಿ ಮಲಗಬೇಕು. ಇದನ್ನು ಒಂದು ಕಲೆಯಾಗಿ ಬೆಳೆಸಿದವರು ಅಮೆರಿಕದ ಕಪ್ಪು ಹೆಂಗಸರು. ಕೂದಲು ನೆಟ್ಟಗಿಲ್ಲ ಅಂತ ಅವರು ಕೇಳಿಸಿಕೊಂಡ ಮಾತುಗಳ ಮುಂದೆ ನಮ್ಮ ಬೀದಿಯ ವಿಚಾರಣೆ ಏನೂ ಅಲ್ಲ. ಹತ್ತಿಯ ದಿಂಬು ತಲೆಯ ಪಸೆ ಹೀರುತ್ತದೆ, ಉಜ್ಜಿ ಸಿಕ್ಕು ಮಾಡುತ್ತದೆ. ರೇಷ್ಮೆಯ ಮೇಲೆ ಕೂದಲು ಜಾರುತ್ತದೆ. ಹೊಸೂರಿನಲ್ಲಿ ರೇಷ್ಮೆಗೇನು ಬರ? ರೇಷ್ಮೆಹುಳು, ಹಿಪ್ಪುನೇರಳೆಯ ತಳಿಗಳನ್ನು ಕಾಪಾಡಿಡಲೆಂದೇ ಕೇಂದ್ರ ರೇಷ್ಮೆ ಮಂಡಳಿಯ ಸಂಸ್ಥೆಯೊಂದು ಇಲ್ಲೇ ಇದೆ. ಅತ್ತೆಯ ಪೆಟ್ಟಿಗೆಯಲ್ಲಿ ಮಡಿಕೆಗೆ ಸೀಳಿದ್ದ ಹಳೇ ಸೀರೆಯ ತುಂಡನ್ನು ಕೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದರೆ, “ರೇಷ್ಮೆ ತಾನೇ, ಮಡಿ. ಕಟ್ಕೋ” ಅಂದರು. ಜರಿ ಅಂಚು ಹಣೆಯ ಮೇಲೆ ಬರುವಂತೆ ಕಟ್ಟಿಕೊಂಡು ನಡುರಾತ್ರಿ ನೀರು ಕುಡಿಯಲು ಎದ್ದ ನನ್ನನ್ನು ಕಂಡು ನಮ್ಮ ಮನೆಯವರು ಅರೆನಿದ್ದೆಯಲ್ಲಿ ಕೈ ಮುಗಿದರು. ಎಚ್ಚರವಾದ ಮೇಲೆ ಅದನ್ನು ಒಪ್ಪುತ್ತಿಲ್ಲ.

ಹೆಲ್ಮೆಟ್ಟಿನ ಒಳಗೂ ಅದೇ ಸೀರೆಯ ಇನ್ನೊಂದು ತುಂಡು. ಸಿಪ್‌ಕಾಟ್‌ನಲ್ಲಿ ಕಾರ್ಖಾನೆಗಳ ಶಿಫ್ಟ್ ಬಿಡುವ ಹೊತ್ತಿಗೆ ಸಿಗ್ನಲ್ಲಿನಲ್ಲಿ ನಿಂತು ಬೆವರುವಾಗ ಅದರ ಬೆಲೆ ತಿಳಿಯುತ್ತದೆ.

ಬೋರ್‌ವೆಲ್ ನೀರಿನ ಮಾತು ಎತ್ತಲೇಬೇಕು. ನಮ್ಮಲ್ಲಿ ಅದು ಎಷ್ಟು ಗಡುಸೆಂದರೆ ಸೋಪು ನೊರೆ ಬಿಡಲು ಹಟ ಮಾಡುತ್ತದೆ, ಕ್ಯಾಲ್ಸಿಯಂ ಬಕೆಟ್ಟಿನ ಅಂಚಿಗೆ ಕೂತ ಹಾಗೆ ಕೂದಲಿಗೂ ಕೂತು ಒರಟು ಮಾಡುತ್ತದೆ. ಕೃಷ್ಣಗಿರಿ, ಧರ್ಮಪುರಿ ಜಿಲ್ಲೆಗಳ ಜನ ಫ್ಲೋರೈಡ್ ನೀರು ಕುಡಿದು ಹಲ್ಲು ಮೂಳೆ ಕೆಡಿಸಿಕೊಳ್ಳಬಾರದು ಅಂತ ಹೊಗೇನಕಲ್ಲಿನಿಂದ ಕಾವೇರಿ ನೀರು ತರುವ ಯೋಜನೆ 2013ರಲ್ಲಿ ಉದ್ಘಾಟನೆಯಾಯಿತು. ಮೂಳೆಗೆಂದು ಅಷ್ಟು ದೂರದಿಂದ ಬಂದ ನೀರಿನಲ್ಲಿ ಒಂದು ಕೊಡವನ್ನು ನಾನು ಭಾನುವಾರಕ್ಕೆ ಮುಚ್ಚಿಡುತ್ತೇನೆ. ಸರ್ಕಾರಕ್ಕೆ ತಿಳಿಯದಿರಲಿ.

ಇಷ್ಟೆಲ್ಲ ಒದ್ದಾಟದ ನಡುವೆ ನನ್ನ ಕೂದಲಿನ ಬಗ್ಗೆ ಗೌರವ ಹುಟ್ಟಿಸಿದವನು ಜಿನೀವಾದ ಸೊಸ್ಯೂರ್ ಎಂಬ ವಿಜ್ಞಾನಿ. ಗಾಳಿಯಲ್ಲಿ ಎಷ್ಟು ತೇವವಿದೆ ಎಂದು ಅಳೆಯುವ ಸಾಧನವನ್ನು ಅವನು 1783ರಲ್ಲಿ ಪ್ರಕಟಿಸಿದ. ಅದರೊಳಗೆ ಇದ್ದದ್ದು ಮನುಷ್ಯರ ಕೂದಲು. ತೇವ ಹೆಚ್ಚಾದರೆ ಕೂದಲು ನೂರಕ್ಕೆ ಎರಡರಷ್ಟು ಉದ್ದವಾಗುತ್ತದೆ, ಅದಕ್ಕೆ ಕಟ್ಟಿದ ಮುಳ್ಳು ತಿರುಗುತ್ತದೆ. 20ನೇ ಶತಮಾನದಲ್ಲೂ ಹವಾಮಾನ ಕೇಂದ್ರಗಳು ಕೂದಲಿನ ಯಂತ್ರವನ್ನೇ ನಂಬಿಕೊಂಡಿದ್ದವು. ಕೂದಲನ್ನು ಜಿಡ್ಡಿಲ್ಲದಂತೆ ತೊಳೆದು ಬಳಸಬೇಕಿತ್ತು ಅನ್ನುವುದನ್ನು ಅತ್ತೆಗೆ ಒತ್ತಿ ಹೇಳಿದೆ.

ಅವರು ಎಣ್ಣೆಯ ಮಾತು ಬಿಟ್ಟು ಉಳಿದದ್ದನ್ನೆಲ್ಲ ಹಿಡಿದುಕೊಂಡರು. ಈ ಸಲ ಹುಣಸೆಹಣ್ಣು ಒಣಗಿಸುವ ಕಾಲಕ್ಕೆ ದಿನಾ ಬೆಳಗ್ಗೆ ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ಹಣೆಯ ಕೂದಲು ನೋಡುವುದು ಶುರುವಾಯಿತು. ನೆಟ್ಟಗಿದ್ದರೆ ಚಾಪೆ ಮಹಡಿಗೆ, ಸುತ್ತಿದ್ದರೆ ಒಳಗೆ. ಆಕಾಶ ಶುಭ್ರವಾಗಿದ್ದ ಒಂದು ದಿನ “ಇವತ್ತು ಬೇಡ” ಅಂದರು, ಮಧ್ಯಾಹ್ನ ಮಳೆ ಬಂತು. ಆವತ್ತಿನಿಂದ ಎಡಗಡೆ ಮನೆಯವರು ಕಾಂಪೌಂಡಿನ ಮೇಲಿಂದ, ಎದುರುಮನೆ ಅಕ್ಕ ಬಾಲ್ಕನಿಯಿಂದ, ಸಂಡಿಗೆ ಹಾಕುವ ಮುಂಚೆ ಅತ್ತೆಯನ್ನು ಕೇಳುತ್ತಾರೆ. ಅತ್ತೆ ನನ್ನನ್ನು ಹೊರಗೆ ಕರೆಯುತ್ತಾರೆ. ಪ್ಲಾಸ್ಟಿಕ್ ಟೋಪಿ ಹಾಕಿಕೊಂಡು ಹೋದರೆ, “ಅದನ್ನ ತೆಗಿಯೇ, ಎಲ್ಲರೂ ಕಾಯ್ತಾ ಇದಾರೆ” ಅಂತ ಬೈಗುಳ.