ಚಿಪ್ಸಿಗೊಂದು ತಕ್ಕಡಿ, ಖಾರದಪುಡಿಗೊಂದು

ಬಾಳೆಕಾಯಿ ಚಿಪ್ಸ್, ಬ್ಯಾಡಗಿ ಖಾರದಪುಡಿ ಪ್ಯಾಕೆಟ್ ಮಾಡಿ ಮಾರುವ ನಮ್ಮತ್ತಿಗೆ, "ಎರಡಕ್ಕೂ ಒಂದೇ ಮಷಿನ್ ಸಾಕಲ್ವೇನೋ?" ಎಂದರು. ಸಾಲದು ಅತ್ತಿಗೆ! ಖಾರದಪುಡಿ ಮಹಾ ಸೋಮಾರಿ. ತಿರುಪು ಸುತ್ತಿ ಕೆಳಗೆ ತಳ್ಳುವ ಆಗರ್ ಫಿಲ್ಲರ್ ಇಲ್ಲದಿದ್ದರೆ ಅಂಟಿಕೊಂಡೇ ಕೂರುತ್ತದೆ, ಇಲ್ಲವೇ ಗಾಳಿಗೆದ್ದು ಬೀದಿಗೆಲ್ಲ ಸೀನು ಹಂಚುತ್ತದೆ. ಅದೇ ತಿರುಪಿಗೆ ಚಿಪ್ಸ್ ಹಾಕಿದರೆ ಅದೂ ಪುಡಿಯೇ. ಚಿಪ್ಸಿಗೆ ಮಲ್ಟಿಹೆಡ್ ಯಂತ್ರ ಬೇಕು: ಹಲವು ಪುಟ್ಟ ಬಟ್ಟಲುಗಳಲ್ಲಿ ಇಷ್ಟಿಷ್ಟೇ ತೂಗಿ, ಯಾವ್ಯಾವುದು ಕೂಡಿದರೆ 200 ಗ್ರಾಂ ಎಂದು ಕ್ಷಣದಲ್ಲಿ ಲೆಕ್ಕ ಹಾಕುತ್ತದೆ. 1972ರಲ್ಲಿ ಜಪಾನಿನ ಇಶಿದಾ ಕಂಪನಿ ಇದನ್ನು ರೂಪಿಸಿದ್ದು ದೊಣ್ಣೆಮೆಣಸಿನಕಾಯಿ ತೂಗಲಿಕ್ಕೆ!

ಬೆಲೆ ಕೇಳಿದ ಅತ್ತಿಗೆ, "ನನ್ನ ಕೈಯಳತೆಯೇ ವಾಸಿ" ಎಂದರು. ಕೈಗೆ ತೂಕ-ಅಳತೆ ಇಲಾಖೆಯವರು ಮುದ್ರೆ ಹೊಡೆಯುವುದಿಲ್ಲವಲ್ಲ! ಸದ್ಯಕ್ಕೆ ಮುದ್ರೆ ಬಿದ್ದ ಎಲೆಕ್ಟ್ರಾನಿಕ್ ತಕ್ಕಡಿಯೂ ಸೌಟೂ ಕೆಲಸ ನಡೆಸುತ್ತಿವೆ. ನಾಲ್ಕು ಚಿಪ್ಸ್ ಹೆಚ್ಚಾದರೆ ತಿನ್ನಲು ನಾನಿದ್ದೇನೆ.