ವರ್ಕ್‌ಶೀಟ್ ಭಾವ

ಇಂಥವರು ಎಲ್ಲ ಮನೆತನಗಳಲ್ಲೂ ಒಬ್ಬರಾದರೂ ಇರುತ್ತಾರೆ. ಮದುವೆಯ ಪಂಕ್ತಿಯಲ್ಲಿ ಕೂತರೆ ಒಂದು ಸಾಲಿಗೆ ಎಷ್ಟು ಎಲೆ, ಆರು ಸಾಲಿಗೆ ಎಷ್ಟು ಎಂದು ಮಕ್ಕಳನ್ನು ಕೇಳುತ್ತಾರೆ. ಮಳೆ ಬಂದು ಹುಡುಗರು ಕಾಗದದ ದೋಣಿ ಕೇಳಿದರೆ ಮೊದಲು ಆರ್ಕಿಮಿಡೀಸನನ್ನು ಅಂಗಳಕ್ಕೆ ಇಳಿಸುತ್ತಾರೆ. ಆ ಹೊತ್ತಿಗೆ ಮಳೆ ನಿಂತಿರುತ್ತದೆ. ನಮ್ಮ ಪಾಲಿಗೆ ಬಂದಿರುವವರು ಅಕ್ಕನ ಗಂಡ. ಆಫೀಸಿನಲ್ಲಿ ಏನೆಂದು ಕರೆಯುತ್ತಾರೋ ಗೊತ್ತಿಲ್ಲ, ಬೆನ್ನ ಹಿಂದೆ ನಮಗೆಲ್ಲ ಅವರು ವರ್ಕ್‌ಶೀಟ್ ಭಾವ.

ಭಾವನವರ ಪ್ರತಿಭೆಯನ್ನು ಪೂರ್ತಿಯಾಗಿ ನೋಡಬೇಕೆಂದರೆ ಅವರೊಡನೆ ವಂಡರ್‌ಲಾಗೆ ಹೋಗಬೇಕು. ಮೈಸೂರು ರಸ್ತೆಯಲ್ಲಿ ಬಿಡದಿಯ ಹತ್ತಿರ 2005ರಲ್ಲಿ ಶುರುವಾದ ಈ ಪಾರ್ಕು ಬೆಂಗಳೂರಿನ ಮಧ್ಯಮವರ್ಗಕ್ಕೆ ಬೇಸಿಗೆ ರಜೆಯ ಹರಕೆ ಇದ್ದ ಹಾಗೆ. ಟಿಕೆಟ್ಟಿನ ದುಡ್ಡು ಖಾತೆಯಿಂದ ಇಳಿದ ಗಳಿಗೆಯಿಂದಲೇ ಭಾವನಿಗೆ ಸಂಕಟ: “ಇಷ್ಟು ಸುರಿದು ಬರೀ ಕಿರುಚಿಕೊಂಡು ಬರೋದಾ?” ಹಾಗಾಗಿ ಹಿಂದಿನ ರಾತ್ರಿ ಪ್ರಿಂಟರ್‌ಗೆ ನಿದ್ದೆಯಿಲ್ಲ. ಬೆಳಿಗ್ಗೆ ಮೂರನೇ ಕ್ಲಾಸಿನ ಮಗನಿಗೂ ಯುಕೆಜಿಯ ಮಗಳಿಗೂ ಒಂದೊಂದು ಎಕ್ಸಾಮ್ ಪ್ಯಾಡು, ದಾರ ಕಟ್ಟಿದ ಪೆನ್ಸಿಲ್ಲು. ಹಾಳೆಯ ತುಂಬ ಕಾಲಂಗಳು: ರೈಡಿನ ಹೆಸರು, ಚಲನೆಯ ವಿಧ, ಕೆಲಸ ಮಾಡುವ ಬಲ, ಅನುಭವ.

ಪಾಠ ಬಿಡದಿಯ ತಟ್ಟೆ ಇಡ್ಲಿಯಿಂದಲೇ ಶುರು. ಅರ್ಧ, ಕಾಲು, ಎಂಟನೇ ಒಂದು ಎಂದು ಭಾವ ಚಮಚದಲ್ಲಿ ಗೆರೆ ಕೊಯ್ಯುವಷ್ಟರಲ್ಲಿ ಮೇಲಿನ ಬೆಣ್ಣೆ ಕರಗಿ ತಟ್ಟೆ ಸೇರಿತ್ತು. “ಈಗ ಉಳಿದದ್ದೆಷ್ಟು ಹೇಳು?” ಎಂದರೆ ಮಗ, “ಇನ್ನೊಂದು ಪ್ಲೇಟ್” ಎಂದ.

ಪಾರ್ಕಿನ ಬಾಗಿಲಲ್ಲಿ ಮಕ್ಕಳ ಟಿಕೆಟ್ಟು ವಯಸ್ಸಿನ ಮೇಲಲ್ಲ, ಎತ್ತರದ ಮೇಲೆ. 85 ಸೆಂಟಿಮೀಟರಿಗಿಂತ ಕೆಳಗಿದ್ದರೆ ಪುಕ್ಕಟೆ. ಭಾವ ಸೆಂಟಿಮೀಟರು, ಅಡಿ, ಅಂಗುಲ ಎಂದು ವಿವರಿಸುತ್ತಿದ್ದಾಗ ನಮ್ಮಮ್ಮ ನನ್ನ ಎರಡೂವರೆ ವರ್ಷದ ಮಗನ ಕಿವಿಯಲ್ಲಿ, “ಸ್ವಲ್ಪ ಮಂಡಿ ಬಗ್ಗಿಸೋ ಕಂದ” ಎಂದಳು. ಎಂಟು ವರ್ಷದವರನ್ನೂ ಮಡಿಲಲ್ಲಿ ಕೂರಿಸಿಕೊಂಡು ಬಸ್ಸಿನಲ್ಲಿ ಊರು ದಾಟಿಸಿದ ಅನುಭವ ಅವಳದು. ಯುಕೆಜಿಯವಳು ಅದನ್ನು ಗಮನಿಸಿದಳು. ಆಮೇಲೆ ಒಂದು ರೈಡಿನ ಮುಂದೆ ಎತ್ತರದ ಗೆರೆ ಕಂಡಾಗ ತಾನಾಗಿಯೇ ತುದಿಗಾಲಿನ ಮೇಲೆ ನಿಂತಳು. ಟಿಕೆಟ್ಟಿನ ಗೆರೆಗೆ ಕುಳ್ಳಗಾಗಬೇಕು, ರೈಡಿನ ಗೆರೆಗೆ ಉದ್ದವಾಗಬೇಕು ಎಂದು ಅವಳಿಗೆ ಯಾವ ಕಾಲಮ್ಮೂ ಹೇಳಿಕೊಟ್ಟಿರಲಿಲ್ಲ.

ಮೆರಿ-ಗೋ-ರೌಂಡಿನಲ್ಲಿ ಅವಳು ಒಳಗಿನ ಸಾಲಿನ ಬಿಳಿ ಕುದುರೆಗೆ ಓಡಿದಳು. ಭಾವ ರಟ್ಟೆ ಹಿಡಿದು ಎಳೆದರು. “ಬೇಡ ಪುಟ್ಟಾ, ನಡುವಿನಿಂದ ಎರಡು ಮೀಟರಿನಲ್ಲಿರೋ ಕುದುರೆ ಒಂದು ಸುತ್ತಿಗೆ ಹನ್ನೆರಡೂವರೆ ಮೀಟರ್ ಓಡತ್ತೆ. ನಾಲ್ಕು ಮೀಟರಿನಲ್ಲಿರೋದು ಇಪ್ಪತ್ತೈದು! ಅದೇ ದುಡ್ಡಿಗೆ ಡಬಲ್!” ಲೆಕ್ಕ ಮುಗಿಯುವುದರೊಳಗೆ ಎರಡು ಕುದುರೆಯ ಮೇಲೂ ಬೇರೆಯವರ ಮಕ್ಕಳು ಕೂತಿದ್ದವು. ಅಕ್ಕ ಗಂಡನ ಕಡೆ ನೋಡಿದ ನೋಟವಂತೂ ಯಾವ ಚಲನೆಯ ವಿಧಕ್ಕೂ ಸೇರುವಂಥದ್ದಲ್ಲ.

ತೂಗುವ ಹಡಗಿನ ಕ್ಯೂನಲ್ಲಿ ಗೆಲಿಲಿಯೊ ಬಂದ. ಪೀಸಾದ ಚರ್ಚಿನಲ್ಲಿ ತೂಗುತ್ತಿದ್ದ ದೀಪವನ್ನು ಅವನು ತನ್ನ ನಾಡಿಬಡಿತದಿಂದ ಅಳೆದನಂತೆ, ಸಣ್ಣ ತೂಗಾಟವಾದರೆ ಅಗಲ ಎಷ್ಟಿದ್ದರೂ ಹೊತ್ತು ಹೆಚ್ಚುಕಡಿಮೆ ಒಂದೇ, ಉದ್ದ ಮುಖ್ಯ ಎಂದೆಲ್ಲ ಹೇಳಿದರು. ಮಗ ಗಂಭೀರವಾಗಿ ಕೇಳಿಸಿಕೊಂಡು, “ಅಪ್ಪಾ, ಆ ದೀಪಕ್ಕೂ ವಾಂತಿ ಬರ್ತಿತ್ತಾ?” ಎಂದ. ಹಿಂದೆ ನಿಂತಿದ್ದ ಕಾಲೇಜು ಹುಡುಗರು ಅದನ್ನೇ ಸಂಜೆಯವರೆಗೂ ಹೇಳಿಕೊಂಡು ನಗುತ್ತಿದ್ದರು.

ಭಾವ ಮಾತ್ರ ಯಾವ ರೈಡೂ ಹತ್ತುವವರಲ್ಲ, ಬಿ.ಪಿ. ಅಂತೆ. ರೋಲರ್ ಕೋಸ್ಟರ್ ಹತ್ತಿದ್ದು ಅಕ್ಕ. ಭಾವ ಚಪ್ಪಲಿ, ಬ್ಯಾಗು, ಪ್ಯಾಡುಗಳನ್ನು ಕಾಯುತ್ತಾ ಕೆಳಗೆ ನಿಂತು, ಸಿಕ್ಕವರಿಗೆ ವಿವರಿಸುತ್ತಿದ್ದರು. ಮೊದಲ ದಿಬ್ಬವೇ ಯಾಕೆ ಎತ್ತರ? ಅಲ್ಲಿ ಕೂಡಿಟ್ಟ ಶಕ್ತಿಯೇ ಮುಂದಿನದಕ್ಕೆಲ್ಲ ಬಂಡವಾಳ, ಘರ್ಷಣೆಯಲ್ಲಿ ಅದು ಸೋರುತ್ತಾ ಹೋಗುತ್ತದೆ. ಲೂಪು ಯಾಕೆ ಗುಂಡಗಿಲ್ಲ, ನೀರಿನ ಹನಿಯ ಆಕಾರ? ಪೂರಾ ಗುಂಡಗಿದ್ದರೆ ಕೆಳಗಡೆ ಕತ್ತಿನ ಮೇಲೆ ವಿಪರೀತ ಭಾರ ಬೀಳುತ್ತದೆ. ಅದನ್ನು ಸರಿಪಡಿಸಿದವನು ಜರ್ಮನಿಯ ಎಂಜಿನಿಯರ್ ವೆರ್ನರ್ ಸ್ಟೆಂಗೆಲ್, 1976ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿ. ಹೇಳಿದ್ದೆಲ್ಲ ಸರಿಯೇ. ಭಾವನವರ ವಿಷಯದಲ್ಲಿ ತಪ್ಪು ಹುಡುಕಲು ಹೋಗಬೇಡಿ, ಸಿಕ್ಕುವುದಿಲ್ಲ. ಕೇಳುತ್ತಿದ್ದವರು ಮಾತ್ರ ಪಾಪ್‌ಕಾರ್ನ್ ಮಾರುವವನು ಮತ್ತು ನಾನು.

ಪಾಠದ ಹಾಳೆ ಕೈಕೊಟ್ಟಿದ್ದು ವೇವ್ ಪೂಲಿನಲ್ಲಿ. ಮೊಣಕಾಲುದ್ದ ನೀರಿನಲ್ಲಿ ನಿಂತ ಯುಕೆಜಿಯವಳು, “ಅಪ್ಪಾ, ಇಲ್ಲಿ ಸಮುದ್ರ ಇಲ್ವಲ್ಲ, ಅಲೆ ಎಲ್ಲಿಂದ ಬರತ್ತೆ?” ಎಂದಳು. ಬೆಳಗಿನಿಂದ ಯಾರೂ ಕೇಳಿಸದೆ ಹುಟ್ಟಿದ ಪ್ರಶ್ನೆ ಇದೊಂದೇ. ಭಾವ ಹಾಳೆ ತಿರುಗಿಸಿದರು, ಒದ್ದೆಯಾಗಿ ಅಂಟಿಕೊಂಡಿತ್ತು. “ಮನೆಗೆ ಹೋಗಿ ನೋಡೋಣ” ಎಂದರು. ದಡದಲ್ಲಿ ಸೀಟಿ ಹಿಡಿದು ನಿಂತಿದ್ದ ಹುಡುಗ ಬಗ್ಗಿ, “ಆ ಗೋಡೆ ಹಿಂದೆ ಕೋಣೆ ಇದೆ ಪಾಪು. ಅದರೊಳಗೆ ಜೋರಾಗಿ ಗಾಳಿ ಊದ್ತಾರೆ. ಗಾಳಿ ನೀರನ್ನ ಕೆಳಗೆ ಒತ್ತತ್ತೆ, ನೀರು ಈಚೆ ನುಗ್ಗತ್ತೆ, ಅಷ್ಟೇ” ಎಂದ.

ಊಟದ ಹೊತ್ತಿಗೆ ಅವಳ ಮುಂದೆ ಒಂದು ಲೋಟ ಮೋಸಂಬಿ ರಸ ಬಂತು. ಸ್ಟ್ರಾವನ್ನು ಮೇಲಕ್ಕೆತ್ತಿ ರಸದ ಮೇಲೆ ಮೆಲ್ಲಗೆ ಊದಿದಳು. ಊದಿದ ಕಡೆ ಗುಳಿ ಬಿತ್ತು. ಇನ್ನೂ ಜೋರಾಗಿ ಊದಿದಳು. ರಸ ಎದುರಿನ ಅಂಚಿಗೆ ಏರಿತು. ಕೆನ್ನೆ ಉಬ್ಬಿಸಿ ಮೂರನೇ ಸಲ ಊದಿದಾಗ ಅದು ಲೋಟ ದಾಟಿ ಭಾವನವರ ಬಿಳಿ ಪ್ಯಾಂಟಿನ ಮೇಲೆ ಬಂದು ಬಿತ್ತು. “ಬಂತು ಬಂತು, ಅಲೆ ಬಂತು!” ಎಂದು ಕುಣಿದಳು. ಭಾವ ಲೋಟ ಕಿತ್ತುಕೊಂಡು, “ಊಟದ ಹೊತ್ತಲ್ಲಿ ಆಟ ಆಡಬಾರದು ಅಂತ ಎಷ್ಟು ಸಲ ಹೇಳಿದೀನಿ? ಹಾಳೆ ತುಂಬಿಸಿದ್ಯಾ?” ಎಂದು ಗದರಿದರು. “ರೀ, ಬಿಡ್ರೀ ಅತ್ಲಾಗೆ” ಎಂದಳು ಅಕ್ಕ, ನಗು ತಡೆಯಲಾರದೆ.

ರಾತ್ರಿ ಹಾಳೆಗಳ ತಿದ್ದುವಿಕೆ ನಡೆಯಿತು. ಮಗ ‘ಕೆಲಸ ಮಾಡುವ ಬಲ’ದ ಎದುರು ಎಲ್ಲ ರೈಡಿಗೂ ‘ಕರೆಂಟು’ ಎಂದು ಬರೆದಿದ್ದ. ಅನುಭವ: ‘ಮಜ’. ಕೆಂಪು ಪೆನ್ನಿನ ಭಾವ ಅರ್ಧ ಮಾರ್ಕ್ಸ್ ಕೊಟ್ಟರು. ಎಲ್ಲವನ್ನೂ ದಿಬ್ಬದ ತುದಿಗೆ ಎಳೆಯುವುದು ಮೋಟಾರಲ್ಲವೇ? ನಾನಾಗಿದ್ದರೆ ಪೂರ್ತಿ ಕೊಡುತ್ತಿದ್ದೆ.

ಓದುಗರಲ್ಲಿ ಒಂದು ವಿನಂತಿ. ಈ ರಜೆಯಲ್ಲಿ ನಿಮಗೂ ಯಾವುದಾದರೂ ಕ್ಯೂನಲ್ಲಿ ಎಕ್ಸಾಮ್ ಪ್ಯಾಡು ಹಿಡಿದ ಅಪ್ಪ ಸಿಕ್ಕಿದರೆ ಮುಖ ತಿರುಗಿಸಬೇಡಿ. ಹತ್ತಿರ ಹೋಗಿ, “ಸಾರ್, ರೋಲರ್ ಕೋಸ್ಟರಿನಲ್ಲಿ ಹಿಂದಿನ ಸೀಟಿನವರಿಗೇ ಯಾಕೆ ಹೆಚ್ಚು ಭಯ ಆಗತ್ತೆ?” ಎಂದು ಕೇಳಿ. ಅವರು ಅರ್ಧ ಗಂಟೆ ಅಲ್ಲಿಂದ ಕದಲುವುದಿಲ್ಲ. ಅಷ್ಟರಲ್ಲಿ ಮಕ್ಕಳು ಇನ್ನೊಂದು ಸುತ್ತು ಹೋಗಿ ಬರಲಿ.