ಸರ್ವರ್ ಬರಲಿ, ಮಾತಾಡೋಣ: ಪಹಣಿಯೊಂದಿಗೆ ಸಂದರ್ಶನ

ಬದಲಾಗುತ್ತಿರುವ ಕಚೇರಿಗೆ ಹೊಂದಿಕೊಳ್ಳುವುದು ಹೇಗೆಂದು ಕಲಿಸುವ ತರಬೇತಿಗಳಿಗೆ ಈಗ ಬರವಿಲ್ಲ. ಬೆಳಿಗ್ಗೆ ಪಿಪಿಟಿ, ಮಧ್ಯಾಹ್ನ ಪಲಾವ್, ಸಂಜೆ ಪ್ರಮಾಣಪತ್ರ. ಕಲಿಸುವವರ ಮಾತು ಸಾಕಷ್ಟು ಕೇಳಿಯಾಯಿತು. ಹೊಂದಿಕೊಂಡು ಹೊಂದಿಕೊಂಡು ಸುಸ್ತಾದವರನ್ನು ಕೇಳೋಣವೆಂದು ಪಹಣಿಯಮ್ಮನನ್ನು ಹುಡುಕಿಕೊಂಡು ಹೊರಟೆ. ನಾಡಕಚೇರಿಯೊಂದರ ಪ್ರಿಂಟರಿನಲ್ಲಿ ಅರ್ಧ ಹೊರಗೆ, ಅರ್ಧ ಒಳಗೆ ಸಿಕ್ಕಿಕೊಂಡಿದ್ದರು. ಸರ್ವರ್ ಇರಲಿಲ್ಲವಾದ್ದರಿಂದ ಮಾತಿಗೆ ಬಿಡುವಿತ್ತು.

ಪ್ರಶ್ನೆ: ಅಮ್ಮಾ, ಹೊಂದಿಕೊಳ್ಳುವ ಗುಣ ನಿಮಗೆ ಹುಟ್ಟಿನಿಂದ ಬಂದದ್ದೋ, ಬೆಳೆಸಿಕೊಂಡದ್ದೋ?

ಪಹಣಿ: ಏಟು ತಿಂದು ಬಂದದ್ದಪ್ಪ. ನಮ್ಮ ಹಿರಿಯರೆಲ್ಲ ಶಾನುಭೋಗರ ಮನೆಯ ಪೆಟ್ಟಿಗೆಯಲ್ಲಿದ್ದರು. ಅಪ್ಪನಿಂದ ಮಗನಿಗೆ ಹುದ್ದೆ, ಜೊತೆಗೆ ಪೆಟ್ಟಿಗೆ. 1961ರಲ್ಲಿ ಕಾಯ್ದೆ ಮಾಡಿ ಆ ವಂಶದ ಹುದ್ದೆಯನ್ನೇ ತೆಗೆದರು. ಸಂಬಳದ ಗ್ರಾಮ ಲೆಕ್ಕಿಗರು ಬಂದರು, ನಾನು ಅವರ ಬ್ಯಾಗಿಗೆ ಹೊಂದಿಕೊಂಡೆ. ಸೈಕಲ್ ಕ್ಯಾರಿಯರ್‌ಗೆ ಸಿಕ್ಕಿಸಿದರೆ ಅಲ್ಲಿ, ಸ್ಕೂಟರ್ ಡಿಕ್ಕಿಗೆ ತುರುಕಿದರೆ ಅಲ್ಲಿ. ಅವರ ಕೈಬರಹ ಅವರೊಬ್ಬರಿಗೇ ಓದಲು ಬರುತ್ತಿತ್ತು. ಅದೇ ಅವರ ಬಂಡವಾಳ.

ಪ್ರಶ್ನೆ: ಆಮೇಲೆ ‘ಭೂಮಿ’ ಯೋಜನೆ ಬಂತು.

ಪಹಣಿ: ಬಂತು. ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳನ್ನು ಕಂಪ್ಯೂಟರಿಗೆ ತುಂಬಿ, ಕೈಬರಹದ ಪಹಣಿ ಇನ್ನು ನಡೆಯುವುದಿಲ್ಲ ಅಂದರು. ತಾಲ್ಲೂಕು ಕಚೇರಿಯ ಕಿಟಕಿಗೆ 15 ರೂಪಾಯಿ ಕೊಟ್ಟರೆ ನಾನು ಸಿಗುತ್ತಿದ್ದೆ. ಒಳ್ಳೆಯ ಕೆಲಸವನ್ನು ಒಳ್ಳೆಯದು ಅನ್ನಲೇಬೇಕು: ಮ್ಯುಟೇಷನ್ ಅರ್ಜಿ ಮೊದಲು ಬಂದದ್ದು ಮೊದಲು, ಕೆಳಗಿನದನ್ನು ಮೇಲಕ್ಕೆಳೆಯುವ ಹಾಗಿಲ್ಲ. ಸಿಬ್ಬಂದಿ ಬೆರಳೊತ್ತಿಯೇ ಒಳಹೋಗಬೇಕು. ಆದರೆ ಹಳೆಯ ತಪ್ಪುಗಳೂ ನನ್ನ ಬೆನ್ನಿಗೇ ಬಂದವು ನೋಡು. ಸಿದ್ದಯ್ಯ ಸಿದ್ದಮ್ಮನಾಗಿದ್ದರೆ ಮೊದಲು ಗೀಚಿ ಹೊಡೆದು ತಿದ್ದುತ್ತಿದ್ದರು. ಈಗ ಅಚ್ಚುಕಟ್ಟಾಗಿ ಪ್ರಿಂಟಾದ ಸಿದ್ದಮ್ಮ. ಅವಳನ್ನು ಮತ್ತೆ ಸಿದ್ದಯ್ಯ ಮಾಡಲು ಅರ್ಜಿ, ವಿಚಾರಣೆ, ಆದೇಶ. ಅಷ್ಟರಲ್ಲಿ ಮನೆಯವರೇ ಸಿದ್ದಮ್ಮ ಅನ್ನೋಕೆ ಶುರು ಮಾಡಿರುತ್ತಾರೆ.

ಪ್ರಶ್ನೆ: ನಿಮ್ಮನ್ನು ಬರೆಯುತ್ತಿದ್ದ ಲೆಕ್ಕಿಗರು?

ಪಹಣಿ: ಪಾಪ, ಅವರ ಪಾಡು ಕೇಳಬೇಡ. ನಾನಾದರೂ ಒಂದು ಹಾಳೆ. ಅವರನ್ನು ‘ಗ್ರಾಮ ಆಡಳಿತ ಅಧಿಕಾರಿ’ ಎಂದು ಕರೆದರು. ಹೆಸರು ಉದ್ದವಾಯಿತು, ಕುರ್ಚಿ ಬರಲಿಲ್ಲ. ಬಂದದ್ದು ಆ್ಯಪ್‌ಗಳು. ಆಧಾರ್ ಜೋಡಣೆಗೊಂದು, ಬಗರ್‌ಹುಕುಂಗೊಂದು, ಸರ್ಕಾರಿ ಜಾಗ ಕಾಯೋಕೊಂದು, ಪೌತಿ ಖಾತೆಗೊಂದು. 2024ರಲ್ಲಿ ಮುಷ್ಕರ ಹೂಡಿದಾಗ 17ಕ್ಕೂ ಹೆಚ್ಚು ಆ್ಯಪ್‌ಗಳಲ್ಲಿ ಕೆಲಸ ಮಾಡಿಸುತ್ತಿದ್ದಾರೆ ಎಂದರು. ಕೇಳಿದ್ದೇನು ಗೊತ್ತಾ? ಮೊಬೈಲ್, ಲ್ಯಾಪ್‌ಟಾಪ್, ಮೇಜು, ಕುರ್ಚಿ. ಹಿಂದಿನವರು ಮುಷ್ಕರ ಅಂದರೆ ಪೆನ್ನು ಕೆಳಗಿಡುತ್ತಿದ್ದರು, ಸರ್ಕಾರದ ಪೆನ್ನು. ಇವರು ಮೊಬೈಲ್ ಕೆಳಗಿಟ್ಟರೆ ಅದು ಅವರದ್ದೇ ಮೊಬೈಲು, ಕರೆನ್ಸಿಯೂ ಅವರದ್ದೇ.

ಪ್ರಶ್ನೆ: ಆದರೆ ತರಬೇತುದಾರರು ಹೇಳುತ್ತಾರೆ, ಮನಸ್ಸಿದ್ದರೆ ಏನನ್ನೂ ಕಲಿಯಬಹುದು ಎಂದು.

ಪಹಣಿ: ಕಲಿಯುತ್ತಾರಪ್ಪ, ಯಾರು ಬೇಡ ಅಂದರು? ನೆಟ್‌ವರ್ಕ್ ಸಿಗೋ ದಿಬ್ಬ ಯಾವುದು, ಸರ್ವರ್ ಬದುಕಿರೋ ಸರಿರಾತ್ರಿ ಯಾವುದು, ಎಲ್ಲ ಕಲಿತಿದ್ದಾರೆ. ಅದಕ್ಕೆ ಪ್ರಮಾಣಪತ್ರ ಕೊಡೋರಿಲ್ಲ. ಹೋಗಲಿ, ಹೊಂದಿಕೊಳ್ಳಿ ಅಂತ ಭಾಷಣ ಮಾಡೋರು ಎಷ್ಟು ಹೊಂದಿಕೊಂಡರು? ಕೆಳಗಿನವನು ಬಿಸಿಲಲ್ಲಿ ನಿಂತು ಆ್ಯಪ್‌ಗೆ ಮಾಹಿತಿ ತುಂಬುತ್ತಾನೆ. ಸಂಜೆ ಫೋನು: ‘ಅದನ್ನೇ ಎಕ್ಸೆಲ್‌ನಲ್ಲಿ ಹಾಕಿ ವಾಟ್ಸ್ಆ್ಯಪ್ ಮಾಡಿ.’ ಬೆಳಿಗ್ಗೆ ಮೀಟಿಂಗು: ‘ಪ್ರಿಂಟ್ ಎಲ್ಲಿ?’ ಒಂದೇ ಲೆಕ್ಕ ಮೂರು ವೇಷ ಹಾಕಿ ಮೇಲಕ್ಕೆ ಹೋಗುತ್ತೆ, ಯಾಕೆಂದರೆ ಮೇಲಿನವರ ಕನ್ನಡಕ ಇನ್ನೂ ಕಾಗದದ್ದು.

(ಇಲ್ಲಿ ಪ್ರಿಂಟರ್ ಒಮ್ಮೆ ಗುರ್ ಎಂದಿತು. ಪಹಣಿಯಮ್ಮ ಒಂದಿಂಚು ಹೊರಬಂದು ನಿಂತರು. ಕ್ಯೂನಲ್ಲಿದ್ದವರು ಎದ್ದು ಮತ್ತೆ ಕೂತರು.)

ಪ್ರಶ್ನೆ: ನಿಮ್ಮಲ್ಲಿ ಬೆಳೆ ಬರೆಯುವ ಕಾಲಂ ಒಂದಿದೆಯಲ್ಲ?

ಪಹಣಿ: ಕಾಲಂ 12. ಅದರ ಕಥೆ ಕೇಳಿದರೆ ನಗುತ್ತೀಯ. ಹಿಂದೆ ಯಾರದೋ ಜಗಲಿ ಮೇಲೆ ಕೂತು ಕಾಫಿ ಕುಡಿಯುತ್ತಾ ಬೆಳೆ ಬರೆದದ್ದುಂಟು. ಹೋದ ವರ್ಷ ರಾಗಿ ಇದ್ದರೆ ಈ ವರ್ಷವೂ ರಾಗಿ. ಅಡಿಕೆ ಸಸಿ ನೆಟ್ಟು ಫಸಲು ಬಂದ ಮೇಲೂ ನನ್ನಲ್ಲಿ ರಾಗಿಯೇ ತೆನೆ ಬಿಡುತ್ತಿತ್ತು. ಈಗ ಬೆಳೆ ಸಮೀಕ್ಷೆ ಆ್ಯಪ್ ಇದೆ. ರೈತ ತಾನೇ ಹೊಲದಲ್ಲಿ ನಿಂತು ಫೋಟೊ ತೆಗೆದು ಹಾಕಬಹುದು. ನಿಂತ ಜಾಗವೂ ಅದಕ್ಕೆ ಗೊತ್ತಾಗುತ್ತೆ. ಈ ಒಂದು ಬದಲಾವಣೆ ನನಗೆ ಖುಷಿ. ಎಪ್ಪತ್ತರ ಮುದುಕಪ್ಪ ಮೊಮ್ಮಗನ ಫೋನ್ ಹಿಡಿದು ಜೋಳದ ಮುಂದೆ ‘ಸ್ವಲ್ಪ ನಗು’ ಅಂದದ್ದನ್ನು ನಾನೇ ಕಂಡಿದ್ದೇನೆ. ಯಾವ ತರಬೇತಿಗೂ ಹೋದವನಲ್ಲ ಅವನು. ವಿಮೆಯ ದುಡ್ಡು ಬರಬೇಕಿತ್ತು, ಕಲಿತ.

ಪ್ರಶ್ನೆ: ಕೊನೆಯದಾಗಿ, ಉದ್ಯೋಗಸ್ಥ ಯುವಜನರಿಗೆ ನಿಮ್ಮ ಕಿವಿಮಾತು?

ಪಹಣಿ: ಕಿವಿಮಾತು ಇರಲಿ, ಊರಲ್ಲಿ ನಿಮಗೆ ಜಮೀನಿದೆಯಾ?

ಪ್ರಶ್ನೆ: ಇದೆ. ಒಂದು ಎಕರೆ ಹನ್ನೆರಡು ಗುಂಟೆ.

ಪಹಣಿ: ಮಾಲೀಕರ ಕಾಲಂ 9ರಲ್ಲಿ ಯಾರ ಹೆಸರು?

ಪ್ರಶ್ನೆ: ತಾತನದ್ದು.

ಪಹಣಿ: ಹೇಗಿದ್ದಾರೆ?

ಪ್ರಶ್ನೆ: ಅವರು... ತೀರಿಕೊಂಡು ಬಹಳ ವರ್ಷವಾಯಿತು.

ಪಹಣಿ: ನನ್ನ ಪ್ರಕಾರ ಗಟ್ಟಿಮುಟ್ಟಾಗಿದ್ದಾರೆ. ಸರಿ, ಸರ್ವರ್ ಬಂತು. ಆಧಾರ್ ಜೋಡಿಸಿಬಿಡೋಣ. ಒಟಿಪಿ ಬರುತ್ತೆ, ತಾತನಿಗೆ ಫೋನ್ ಕೈಲಿಟ್ಟುಕೊಂಡಿರೋಕೆ ಹೇಳು.